ಒಂದು ನಿಮಿಷದ ದೂರ

ಊರೆಲ್ಲ ಬಾಗಿಲು ಹಾಕುತ್ತಾರಂತೆ ಎಂಬ ಸುದ್ದಿ 2020ರ ಮಾರ್ಚ್ ತಿಂಗಳಲ್ಲಿ ಹಬ್ಬಿದಾಗ ನಮ್ಮ ಶಾಲೆಯ ಸಿಬ್ಬಂದಿ ಕೊಠಡಿಯಲ್ಲಿ ಅದೇ ಚರ್ಚೆ. ಕೂಲಿಯವರಿಗೆ ಕಷ್ಟ, ಅಂಗಡಿಯವರಿಗೆ ಕಷ್ಟ, ಪರೀಕ್ಷೆಯ ಮಕ್ಕಳಿಗೆ ಕಷ್ಟ ಎಂದು ಒಬ್ಬೊಬ್ಬರೂ ಒಂದೊಂದು ಹೇಳಿದರು. "ನಿವೃತ್ತರಿಗೆ ಮಾತ್ರ ಏನೂ ತೊಂದರೆಯಿಲ್ಲ ಬಿಡಿ. ಪಿಂಚಣಿ ಬರುತ್ತದೆ, ಹೇಗಿದ್ದರೂ ಮನೆಯಲ್ಲೇ ಇರುವವರು" ಎಂದವನು ನಾನು. ನಾಲ್ಕು ಜನ ಹೌದೆಂದು ತಲೆಯಾಡಿಸಿದರು. ಅದೆಷ್ಟು ಅವಿವೇಕದ ಮಾತೆಂದು ತಿಳಿಯಲು ನನಗೆ ಎರಡು ವಾರ ಸಾಕಾಯಿತು.

ನಮ್ಮಪ್ಪ ಇರುವುದು ಗುಂಡ್ಲುಪೇಟೆಯಲ್ಲಿ. ಪ್ರಾಥಮಿಕ ಶಾಲೆಗಳಲ್ಲಿ 38 ವರ್ಷ ಲೆಕ್ಕ ಕಲಿಸಿ 1998ರಲ್ಲಿ ಮುಖ್ಯೋಪಾಧ್ಯಾಯರಾಗಿ ನಿವೃತ್ತರಾದವರು. ಆ ಮಾರ್ಚಿಗೆ ಅವರಿಗೆ ಎಂಬತ್ತು ತುಂಬಿತ್ತು. ಅಮ್ಮ ತೀರಿಕೊಂಡು ಆರು ವರ್ಷವಾಗಿತ್ತು. ನಾನು ಕೆಲಸದ ನಿಮಿತ್ತ ಚಾಮರಾಜನಗರದಲ್ಲಿ ಮನೆ ಮಾಡಿದವನು. ನಡುವೆ ತೆರಕಣಾಂಬಿಯ ಮೇಲೆ ಹಾದುಹೋಗುವ ಸುಮಾರು 36 ಕಿಲೋಮೀಟರ್ ರಸ್ತೆ, ಬಸ್ಸಿನಲ್ಲಿ ಒಂದು ಗಂಟೆಯ ಹಾದಿ. "ನಮ್ಮಲ್ಲಿಗೇ ಬಂದುಬಿಡಿ" ಎಂದು ಕರೆದಾಗಲೆಲ್ಲ ಅವರದು ಒಂದೇ ಉತ್ತರ: "ಬರುತ್ತೇನೆ, ಕೈಕಾಲು ನಿಂತ ಮೇಲೆ."

ಅವರ ದಿನಚರಿಯನ್ನು ನೋಡಿದವರಿಗೆ ಈ ಉತ್ತರದ ಅರ್ಥ ತಿಳಿಯುತ್ತಿತ್ತು. ಬೆಳಿಗ್ಗೆ ಐದಕ್ಕೆ ಏಳುವುದು, ಅಂಗಳ ಗುಡಿಸುವುದು, ಒಂದು ಸುತ್ತು ನಡಿಗೆ. ಒಂಬತ್ತಕ್ಕೆ ಗ್ರಂಥಾಲಯದಲ್ಲಿ ಪತ್ರಿಕೆಗಳು. ಮಧ್ಯಾಹ್ನ ಊಟ, ಅರ್ಧ ಗಂಟೆ ನಿದ್ದೆ. ನಾಲ್ಕಕ್ಕೆ ಸರಿಯಾಗಿ ಬಸ್ ನಿಲ್ದಾಣದ ಹತ್ತಿರದ ಮರದ ಕೆಳಗೆ ನಿವೃತ್ತರ ಸಭೆ. ಅದಕ್ಕೆ ಅಧ್ಯಕ್ಷರಿಲ್ಲ, ನಡಾವಳಿ ಪುಸ್ತಕವಿಲ್ಲ. ಆದರೆ ಒಂದು ದಿನ ತಪ್ಪಿಸಿಕೊಂಡವರು ಮರುದಿನ ಕಾರಣ ಕೊಡಬೇಕು. ತುಟ್ಟಿಭತ್ಯೆ, ಮಂಡಿನೋವು, ಈರುಳ್ಳಿಯ ಧಾರಣೆ, ಊಟಿ ರಸ್ತೆಯಲ್ಲಿ ಹೋಗುವ ಕೇರಳದ ಕಾರುಗಳ ವೇಗ, ಇವೆಲ್ಲ ಅಲ್ಲಿ ತೀರ್ಮಾನವಾಗುತ್ತಿದ್ದವು. ಮನೆಯಲ್ಲೇ ಇರುವವರು ಎಂದು ನಾನು ಯಾರ ಬಗ್ಗೆ ಹೇಳಿದ್ದೆನೋ ಅವರು ದಿನಕ್ಕೆ ಮೂರು ಸಲ ಮನೆ ಬಿಟ್ಟು ಹೊರಡುತ್ತಿದ್ದರು.

ಮಾರ್ಚ್ 22ರ ಭಾನುವಾರ ಜನತಾ ಕರ್ಫ್ಯೂ. 24ರ ಮಧ್ಯರಾತ್ರಿಯಿಂದ ಇಡೀ ದೇಶಕ್ಕೆ 21 ದಿನಗಳ ಲಾಕ್‌ಡೌನ್. ಮರುದಿನವೇ ಯುಗಾದಿ. ಪ್ರತಿವರ್ಷ ಹಬ್ಬದ ಹಿಂದಿನ ದಿನ ನಾವೆಲ್ಲ ಗುಂಡ್ಲುಪೇಟೆ ಸೇರುತ್ತಿದ್ದೆವು. ಆ ವರ್ಷ ಅಪ್ಪ ಒಬ್ಬರೇ ಬೇವುಬೆಲ್ಲ ಕಲಸಿಕೊಂಡರು. "ಬೇವು ಸಿಕ್ಕಿತು, ಬೆಲ್ಲ ಹಳೆಯದು ಇತ್ತು" ಎಂದು ಫೋನಿನಲ್ಲಿ ವರದಿ ಕೊಟ್ಟರು. 27ಕ್ಕೆ ಆರಂಭವಾಗಬೇಕಿದ್ದ ಎಸ್ಸೆಸ್ಸೆಲ್ಸಿ ಪರೀಕ್ಷೆ ಮುಂದಕ್ಕೆ ಹೋಯಿತು. ಅದು ನಡೆದದ್ದು ಜೂನ್ 25ರಿಂದ. ನನ್ನ ಹತ್ತನೇ ತರಗತಿಯ ಮಕ್ಕಳು ಓದಿದ್ದನ್ನೇ ಓದುತ್ತ, ಮರೆತದ್ದನ್ನೇ ಮರೆಯುತ್ತ ಕುಳಿತರು.

ಒಂದು ವಿಷಯವನ್ನು ಇಲ್ಲಿ ಹೇಳಬೇಕು. ಆಗ ನಮ್ಮ ಚಾಮರಾಜನಗರ ಜಿಲ್ಲೆಯಲ್ಲಿ ರೋಗವೇ ಇರಲಿಲ್ಲ. ಸುತ್ತಮುತ್ತ ಮೈಸೂರು, ಕೇರಳ, ತಮಿಳುನಾಡು ಎಲ್ಲೆಲ್ಲೂ ಸೋಂಕಿದ್ದರೂ ಜೂನ್ ತಿಂಗಳು ಬರುವವರೆಗೆ ನಮ್ಮ ಲೆಕ್ಕ ಸೊನ್ನೆ. ಹಸಿರು ವಲಯವೆಂದು ಪತ್ರಿಕೆಗಳು ಹೊಗಳಿದವು. (2021ರ ಮೇ ತಿಂಗಳಲ್ಲಿ ಇದೇ ಜಿಲ್ಲೆ ಆಮ್ಲಜನಕಕ್ಕಾಗಿ ಅತ್ತದ್ದನ್ನು ಯಾರೂ ಮರೆತಿಲ್ಲ. ನಾನು ಹೇಳುತ್ತಿರುವುದು ಅದರ ಹಿಂದಿನ ವರ್ಷದ ಮಾತು.) ರೋಗವಿಲ್ಲದ ಜಿಲ್ಲೆಯಲ್ಲಿಯೂ ನಿಯಮ ನಿಯಮವೇ. ಪಾಸು ಸಿಗುತ್ತಿದ್ದುದು ತುರ್ತು ಇದ್ದವರಿಗೆ. ಆರೋಗ್ಯವಾಗಿರುವ ತಂದೆಯನ್ನು ನೋಡಿಬರುವುದು ಯಾವ ಅರ್ಜಿಯಲ್ಲೂ ತುರ್ತು ಎನಿಸಿಕೊಳ್ಳುವುದಿಲ್ಲ. ಅದು ಸರಿಯೂ ಹೌದು.

ಆದ್ದರಿಂದ ಫೋನು. ಮೊದಲ ವಾರ ಅಪ್ಪನ ಮಾತು ಚೆನ್ನಾಗಿಯೇ ನಡೆಯಿತು. ಹಾಲಿನ ಪೊಟ್ಟಣವನ್ನು ಸೋಪಿನ ನೀರಿನಲ್ಲಿ ತೊಳೆದದ್ದು, ಪತ್ರಿಕೆಯನ್ನು ಒಂದು ಗಂಟೆ ಬಿಸಿಲಿಗೆ ಹಾಕಿ ಆಮೇಲೆ ಓದಿದ್ದು, ದೂರದರ್ಶನದಲ್ಲಿ ಮತ್ತೆ ಬರತೊಡಗಿದ ರಾಮಾಯಣ, ಊಟಿ ರಸ್ತೆ ಎಷ್ಟು ನಿಶ್ಶಬ್ದವಾಗಿದೆಯೆಂದರೆ ರಾತ್ರಿ ಜೀರುಂಡೆಯ ಸದ್ದೇ ದೊಡ್ಡದಾಗಿರುವುದು. ಎರಡನೆಯ ವಾರಕ್ಕೆ ಮಾತು ಸಣ್ಣದಾಯಿತು.

"ಊಟ ಆಯಿತೇ?"

"ಆಯಿತು."

"ಮಾತ್ರೆ?"

"ತೆಗೆದುಕೊಂಡೆ."

"ಮತ್ತೇನು ಸಮಾಚಾರ?"

"ಸಮಾಚಾರ ಎಲ್ಲಿಂದ ಬರಬೇಕು?"

ಏಪ್ರಿಲ್ 4ರಂದು ಇದೇ ಪ್ರಶ್ನೋತ್ತರ ಮುಗಿದ ಮೇಲೆ ಅಪ್ಪ ಸ್ವಲ್ಪ ತಡೆದು, "ಇವತ್ತು ಯಾವ ವಾರ?" ಎಂದು ಕೇಳಿದರು.

ಶನಿವಾರ ಎಂದೆ. ಫೋನ್ ಇಟ್ಟ ಮೇಲೆ ಎದೆ ಧಸಕ್ ಎಂದಿತು. ಪ್ರತಿದಿನ ಕಪ್ಪು ಹಲಗೆಯ ಮೂಲೆಯಲ್ಲಿ ದಿನಾಂಕ, ವಾರ ಬರೆದು, ಅಡಿಗೆರೆ ಎಳೆದು, ಆಮೇಲೆ ಪಾಠ ಶುರು ಮಾಡುತ್ತಿದ್ದ ಮನುಷ್ಯ ಅವರು. ವಯಸ್ಸಾದವರಿಗೆ ಮರೆವು ಸಹಜವೆಂದು ಹೆಂಡತಿ ಸಮಾಧಾನ ಹೇಳಿದಳು. ಅದು ಮರೆವಲ್ಲ ಎಂದು ನನಗನ್ನಿಸಿತು. ಸೋಮವಾರಕ್ಕೂ ಶನಿವಾರಕ್ಕೂ ವ್ಯತ್ಯಾಸವೇ ಇಲ್ಲದಿದ್ದರೆ ಯಾರಾದರೂ ಏನನ್ನು ನೆನಪಿಟ್ಟುಕೊಳ್ಳಬೇಕು? ಅವರಿಗೆ ದಿನಕ್ಕೊಂದು ಬೇರೆಯಾಗುವ ವಸ್ತು ಬೇಕಾಗಿತ್ತು. ಮನೆಯೊಳಗೇ ಇರಬೇಕು, ಖರ್ಚಾಗಬಾರದು, ನಿನ್ನೆಯಂತೆ ಇವತ್ತು ಇರಬಾರದು.

ರಾತ್ರಿಯೆಲ್ಲ ಯೋಚಿಸಿದಾಗ ಹೊಳೆದದ್ದು ನೆರಳು.

ಮಧ್ಯಾಹ್ನ ಹನ್ನೆರಡಕ್ಕೆ ಸೂರ್ಯ ನೆತ್ತಿಯ ಮೇಲಿರುತ್ತಾನೆ ಎಂದು ನಾವೆಲ್ಲ ಬರೆಯುತ್ತೇವೆ. ಇಪ್ಪತ್ತೈದು ವರ್ಷ ವಿಜ್ಞಾನ ಕಲಿಸಿದ ನಾನೂ ಆ ವಾಕ್ಯಕ್ಕೆ ಸರಿ ಗುರುತು ಹಾಕಿದ್ದೇನೆ. ನಮ್ಮ ಊರುಗಳಲ್ಲಿ ಸೂರ್ಯ ನಿಜವಾಗಿ ನೆತ್ತಿಯ ಮೇಲೆ ಬರುವುದು ವರ್ಷಕ್ಕೆ ಎರಡೇ ದಿನ, ಏಪ್ರಿಲ್ ಮೂರನೆಯ ವಾರದಲ್ಲೊಮ್ಮೆ, ಆಗಸ್ಟ್ ಮೂರನೆಯ ವಾರದ ಸುಮಾರಿಗೆ ಇನ್ನೊಮ್ಮೆ. ಅದೂ ಗಡಿಯಾರದ ಹನ್ನೆರಡಕ್ಕಲ್ಲ. ಭಾರತದ ಗಡಿಯಾರ ನಡೆಯುವುದು ಪೂರ್ವ ರೇಖಾಂಶ ಎಂಬತ್ತೆರಡೂವರೆ ಡಿಗ್ರಿಯ ಸೂರ್ಯನನ್ನು ನೋಡಿ. ನಾವು ಅದಕ್ಕಿಂತ ಐದೂವರೆ, ಆರು ಡಿಗ್ರಿ ಪಶ್ಚಿಮಕ್ಕಿರುವುದರಿಂದ ಏಪ್ರಿಲ್‌ನಲ್ಲಿ ನಮ್ಮ ನಡುಮಧ್ಯಾಹ್ನ ಬರುವುದು ಹನ್ನೆರಡೂ ಇಪ್ಪತ್ತರ ಮೇಲೆ. ಆ ಎರಡು ದಿನ ನೆಟ್ಟಗೆ ನಿಲ್ಲಿಸಿದ ಕೋಲಿಗೆ ನೆರಳೇ ಇರುವುದಿಲ್ಲ. ಶೂನ್ಯ ನೆರಳಿನ ದಿನ ಎನ್ನುವುದು ಇದನ್ನೇ.

ಭಾನುವಾರ ಬೆಳಿಗ್ಗೆ ಅಪ್ಪನಿಗೆ ಹೇಳಿದೆ: "ಒಂದು ಮೀಟರ್ ಕೋಲನ್ನು ನೆಟ್ಟಗೆ ನಿಲ್ಲಿಸಿ, ದಿನಾ ಮಧ್ಯಾಹ್ನ ಅದರ ಅತಿ ಗಿಡ್ಡ ನೆರಳು ಎಷ್ಟೆಂದು ಅಳೆದು ನನಗೆ ಹೇಳುತ್ತೀರಾ? ನಾನೂ ಇಲ್ಲಿ ಅಳೆಯುತ್ತೇನೆ." ಮಗ ತನಗೆ ಕಾಲಹರಣಕ್ಕೆ ಆಟ ಹುಡುಕಿಕೊಡುತ್ತಿದ್ದಾನೆಂದು ಅವರಿಗೆ ತಿಳಿಯದೇ ಇರಲಿಲ್ಲ. "ಅಂಗಳ ಮಟ್ಟವಾಗಿದೆಯೇ ಎಂದು ಮೊದಲು ನೋಡಬೇಕು" ಎಂದಷ್ಟೇ ಹೇಳಿದರು.

ಸೋಮವಾರ, ಏಪ್ರಿಲ್ 6ರಂದು ಹನ್ನೆರಡೂ ಮುಕ್ಕಾಲಕ್ಕೆ ಫೋನ್ ಬಂತು. ಅವರು ಮಾಡಿದವರು! ಬೇರೆ ದಿನ ನಾನೇ ಮಾಡಬೇಕಾಗಿತ್ತು. ಅಂಗಳದ ಸಿಮೆಂಟಿನ ಮೇಲೆ ಒಂದು ಲೋಟ ನೀರು ಚೆಲ್ಲಿ ಅದು ಎತ್ತ ಹರಿಯುತ್ತದೆಂದು ನೋಡಿ ಮಟ್ಟದ ಜಾಗ ಹುಡುಕಿದ್ದಾರೆ. ಬಿದಿರಿನ ಕೋಲನ್ನು ಮರಳು ತುಂಬಿದ ಬಣ್ಣದ ಡಬ್ಬಿಯಲ್ಲಿ ನಿಲ್ಲಿಸಿ, ಮರಳಿನ ಮಟ್ಟದಿಂದ ಮೇಲಕ್ಕೆ ನೂರು ಸೆಂಟಿಮೀಟರ್ ಇರುವಂತೆ ಕತ್ತರಿಸಿದ್ದಾರೆ. ದಾರಕ್ಕೆ ಬೀಗದ ಕೈ ಕಟ್ಟಿ ತೂಗುಗುಂಡು ಮಾಡಿ ಕೋಲು ನೆಟ್ಟಗಿದೆಯೇ ಎಂದು ಪರೀಕ್ಷಿಸಿದ್ದಾರೆ. "ಡಬ್ಬಿಯ ಎತ್ತರಕ್ಕೆ ಸಮನಾಗಿ ಪಕ್ಕದಲ್ಲಿ ಮಣೆ ಇಟ್ಟು ಅದರ ಮೇಲೆ ಅಳೆದೆ. ಒಂಬತ್ತು ಸೆಂಟಿಮೀಟರ್. ನಿನ್ನದು?" ನನ್ನದು ಒಂಬತ್ತಕ್ಕಿಂತ ಒಂದೆರಡು ಮಿಲಿಮೀಟರ್ ಹೆಚ್ಚು. (ನಾನು ಡಬ್ಬಿ ಗಿಬ್ಬಿ ಎಂದು ಹೋಗದೆ ಕೋಲನ್ನು ಇಟ್ಟಿಗೆಗಳ ನಡುವೆ ಸಿಕ್ಕಿಸಿದ್ದೆ. ಅದನ್ನು ಹೇಳಲಿಲ್ಲ.)

ಅಂದಿನಿಂದ ನಮಗೆ ಮಾತಿಗೆ ವಿಷಯ ಸಿಕ್ಕಿತು. ನೆರಳು ದಿನಕ್ಕೆ ಅರ್ಧ ಸೆಂಟಿಮೀಟರಿಗಿಂತ ತುಸು ಹೆಚ್ಚೇ ಗಿಡ್ಡವಾಗುತ್ತ ಹೋಯಿತು. ಹತ್ತನೆಯ ತಾರೀಖು ಆರೂವರೆ, ಹನ್ನೆರಡನೆಯ ತಾರೀಖು ಐದು. "ಸೂರ್ಯ ನಮ್ಮ ಕಡೆ ಬರುತ್ತಿದ್ದಾನೆ" ಎನ್ನುತ್ತಿದ್ದರು ಅಪ್ಪ, ಬಸ್ಸಿಗೆ ಕಾಯುವವರ ಧಾಟಿಯಲ್ಲಿ. ಆ ವಾರಗಳಲ್ಲಿ ಸೂರ್ಯ ದಿನಕ್ಕೆ ಮೂರನೆಯ ಒಂದು ಡಿಗ್ರಿಯಷ್ಟು ಉತ್ತರಕ್ಕೆ ಸರಿಯುತ್ತಾನೆ. ಭೂಮಿಯ ಮೇಲೆ ಲೆಕ್ಕ ಹಾಕಿದರೆ ಸುಮಾರು 37 ಕಿಲೋಮೀಟರ್. ನಮ್ಮ ಎರಡು ಊರುಗಳ ನಡುವಿನ ರಸ್ತೆ ಎಷ್ಟು ಉದ್ದವೋ ಹೆಚ್ಚುಕಡಿಮೆ ಅಷ್ಟೇ. ಅವನಿಗೆ ಪಾಸು ಕೇಳುವವರು ಯಾರೂ ಇರಲಿಲ್ಲ.

ಏಪ್ರಿಲ್ 13ರಂದು ಅಪ್ಪ ಫೋನ್ ಮಾಡಲಿಲ್ಲ. ನಾನೇ ಮಾಡಿದೆ.

"ಇವತ್ತು ಮೋಡ. ನೆರಳಿಲ್ಲ" ಎಂದರು.

ಚಾಮರಾಜನಗರದಲ್ಲಿ ಬಿಸಿಲು ಸುಡುತ್ತಿತ್ತು. ಆದರೆ ಗುಂಡ್ಲುಪೇಟೆ ಎಂದರೆ ಬಂಡೀಪುರದ ಬಾಗಿಲು, ನೀಲಗಿರಿಯ ಪಕ್ಕ. ಬೇಸಿಗೆಯಲ್ಲಿಯೂ ಅಲ್ಲಿಗೆ ಬರುವ ಮೋಡ ನಮ್ಮೂರಿಗೆ ಬಾರದಿರುವುದು ಹೊಸದೇನಲ್ಲ. ನಂಬಿದೆ. ಮರುದಿನವೂ ಮೋಡ. ಅಂದೇ ಲಾಕ್‌ಡೌನ್ ಮೇ 3ರವರೆಗೆ ಮುಂದುವರಿಯಿತೆಂಬ ಸುದ್ದಿ ಬಂದದ್ದರಿಂದ ನಾನು ಮೋಡದ ಬಗ್ಗೆ ಹೆಚ್ಚು ಯೋಚಿಸಲಿಲ್ಲ.

15ರ ಬೆಳಿಗ್ಗೆ ಗೊತ್ತಿಲ್ಲದ ನಂಬರಿನಿಂದ ಮಿಸ್ಡ್ ಕಾಲ್. ತಿರುಗಿ ಮಾಡಿದರೆ ಅಪ್ಪನ ಪಕ್ಕದ ಮನೆಯ ಹುಡುಗಿ, ಎಂಟನೇ ತರಗತಿ ಮುಗಿಸಿ ಒಂಬತ್ತಕ್ಕೆ ಹೋಗಬೇಕಾದವಳು. ಅಮ್ಮನ ಫೋನಿನಿಂದ ಮಾಡಿದ್ದಳು.

"ಸಾರ್, ತಾತ ನಿಮಗೆ ಮೋಡ ಅಂತ ಹೇಳುದ್ರು ಅಲ್ವಾ? ಇಲ್ಲಿ ಮೋಡ ಇರಲಿಲ್ಲ ಸಾರ್."

ನಡೆದದ್ದು ಇಷ್ಟು. ಅತಿ ಗಿಡ್ಡ ನೆರಳು ಬೇಕಾದರೆ ಒಂದು ಸಲ ಅಳೆದರೆ ಸಾಲದು. ಹನ್ನೆರಡೂ ಹತ್ತರಿಂದ ಹನ್ನೆರಡೂ ನಲವತ್ತರವರೆಗೆ ಐದೈದು ನಿಮಿಷಕ್ಕೆ ನೆರಳಿನ ತುದಿಯನ್ನು ಗುರುತಿಸಬೇಕು. ಅಪ್ಪ ಅಷ್ಟು ಹೊತ್ತೂ ಬರಿತಲೆಯಲ್ಲಿ ಬಗ್ಗಿ, ಎದ್ದು, ಬಗ್ಗಿ ಗುರುತು ಹಾಕುತ್ತಿದ್ದರು. ಸೋಮವಾರ ಎದ್ದಾಗ ಕಣ್ಣು ಕತ್ತಲೆಯಿಟ್ಟು ಅಲ್ಲೇ ಕುಸಿದು ಕುಳಿತಿದ್ದಾರೆ. ಹುಡುಗಿಯ ತಾಯಿ ಕಾಂಪೌಂಡಿನಾಚೆಯಿಂದ ನೋಡಿ ಓಡಿಬಂದು ಜಗಲಿಗೆ ಕರೆತಂದು, ಉಪ್ಪು ಹಾಕಿದ ಮಜ್ಜಿಗೆ ಕುಡಿಸಿದ್ದಾರೆ. ಮಗನಿಗೆ ಹೇಳಕೂಡದೆಂದು ಎಲ್ಲರಿಂದಲೂ ಮಾತು ತೆಗೆದುಕೊಂಡಿದ್ದಾರೆ.

ನೆರಳು ಗಿಡ್ಡವಾದಷ್ಟೂ ಬಿಸಿಲು ನೇರ, ನೇರವಾದಷ್ಟೂ ತೀಕ್ಷ್ಣ ಎಂದು ಪ್ರತಿವರ್ಷ ಪಾಠ ಮಾಡುವವನು ನಾನು. ಎಂಬತ್ತು ವರ್ಷದ ಸಕ್ಕರೆ ಕಾಯಿಲೆಯ ತಲೆಯೊಂದನ್ನು ದಿನದ ಅತಿ ತೀಕ್ಷ್ಣ ಬಿಸಿಲಿಗೆ, ವರ್ಷದ ಅತಿ ನೇರ ಬಿಸಿಲಿನ ವಾರಗಳಲ್ಲಿ, ದಿನವೂ ಅರ್ಧ ಗಂಟೆ ಒಡ್ಡುವ ಏರ್ಪಾಡು ಮಾಡಿದವನೂ ನಾನೇ. ಇದನ್ನು ಓದುತ್ತಿರುವ ಮಕ್ಕಳು ನೆರಳು ಅಳೆಯಲು ಹೊರಟರೆ ಟೋಪಿ ಹಾಕಿಕೊಳ್ಳಿ, ನೀರು ಕುಡಿದು ಹೋಗಿ, ಸೂರ್ಯನನ್ನು ನೇರವಾಗಿ ನೋಡಬೇಡಿ. ನಾನು ಹೇಳಬೇಕಾಗಿದ್ದ ಹೊತ್ತಿನಲ್ಲಿ ಹೇಳದೆ ಹೋದ ಮಾತು ಇದು.

ಅಪ್ಪನಿಗೆ ಫೋನ್ ಮಾಡಿದೆ. ಹೆದರಿಕೆಗೆ ಧ್ವನಿ ಏರಿತ್ತು. "ಸಾಕು, ಕೋಲು ಎತ್ತಿ ಮೂಲೆಗಿಡಿ. ಇನ್ನು ಬಿಸಿಲಿಗೆ ಕಾಲಿಡಬೇಡಿ" ಎಂದು ಗದರಿದೆ. ಅವರಿಗೆ ನಾನು ಗದರಿದ್ದು ಜೀವನದಲ್ಲಿ ಅದೇ ಮೊದಲು. ಆಚೆಯಿಂದ ಬಹಳ ಹೊತ್ತು ಮಾತಿಲ್ಲ. ಲೈನು ಕಡಿಯಿತೇನೋ ಎಂದುಕೊಂಡಾಗ ಅಪ್ಪ ಮೆಲ್ಲಗೆ ಕೇಳಿದರು:

"ಹಾಗಾದರೆ ನಾಳೆ ನಾನೇನು ಮಾಡಲಿ?"

ನನ್ನ ಹತ್ತಿರ ಉತ್ತರವಿರಲಿಲ್ಲ. ಆಮೇಲೆ ಕರೆ ಮಾಡುತ್ತೇನೆಂದು ಫೋನ್ ಇಟ್ಟೆ.

ಕೊಡೆ ಹಿಡಿದುಕೊಳ್ಳಿ ಎನ್ನೋಣವೆಂದರೆ ಕೊಡೆಯ ನೆರಳು ಕೋಲಿನ ನೆರಳನ್ನು ನುಂಗುತ್ತದೆ. ದಾರಿ ತೋರಿಸಿದವಳು ಆ ಹುಡುಗಿಯೇ. ಸಂಜೆ ಅವಳ ತಾಯಿಯೊಂದಿಗೆ ಮಾತಾಡಿದೆ. ಅಂಗಳದಲ್ಲಿ ಅಳೆಯುವುದು ಅವಳು ಮತ್ತು ಐದನೇ ತರಗತಿಯ ಅವಳ ತಮ್ಮ, ತಲೆಗೆ ಟವೆಲು ಕಟ್ಟಿಕೊಂಡು, ಸರದಿಯ ಮೇಲೆ. ಅಪ್ಪ ಜಗಲಿಯ ಮೇಲೆ ಕುರ್ಚಿಯಲ್ಲಿ, ಗಡಿಯಾರ ಮತ್ತು ನೋಟ್‌ಬುಕ್ ಹಿಡಿದು. ನಡುವೆ ಸೀಮೆಸುಣ್ಣದ ಗೆರೆ, ಅದನ್ನು ಯಾರೂ ದಾಟುವಂತಿಲ್ಲ. 22 ವರ್ಷದ ಮೇಲೆ ಅಪ್ಪನಿಗೆ ಮತ್ತೆ ಇಬ್ಬರು ವಿದ್ಯಾರ್ಥಿಗಳು ಸಿಕ್ಕಿದರು. ಆ ಮಕ್ಕಳ ಅದೃಷ್ಟವೋ ದುರದೃಷ್ಟವೋ ಹೇಳಲಾರೆ. ಅಳತೆಪಟ್ಟಿಯನ್ನು ಓರೆಯಾಗಿ ನೋಡಿ ಓದಿದರೆ ತಪ್ಪು, ಕಣ್ಣು ಗೆರೆಯ ನೇರ ಮೇಲಿರಬೇಕು ಎಂದು ಒಂದೇ ಅಳತೆಯನ್ನು ಮೂರು ಸಲ ಮಾಡಿಸುತ್ತಿದ್ದುದು ನನಗೆ ಫೋನಿನಲ್ಲೇ ಕೇಳಿಸುತ್ತಿತ್ತು. 16ನೇ ತಾರೀಖು ನೆರಳು ಎರಡೂವರೆ ಸೆಂಟಿಮೀಟರಿಗೆ ಇಳಿದಿತ್ತು.

ಗುಂಡ್ಲುಪೇಟೆ ನಮ್ಮೂರಿಗಿಂತ ಹತ್ತು ಹನ್ನೆರಡು ಕಿಲೋಮೀಟರ್ ದಕ್ಷಿಣಕ್ಕಿದೆ. ಆದ್ದರಿಂದ ಶೂನ್ಯ ನೆರಳು ಮೊದಲು ತಮ್ಮೂರಿಗೆ ಬರಬೇಕೆಂದು ಅಪ್ಪನ ವಾದ. ಲೆಕ್ಕವೂ ಹಾಗೇ ಹೇಳುತ್ತಿತ್ತು: ಅವರಿಗೆ 20ರ ಸೋಮವಾರ, ನಮಗೆ 21ರ ಮಂಗಳವಾರ. ನಿಜ ಹೇಳಬೇಕೆಂದರೆ ಬಿದಿರ ಕೋಲಿನಲ್ಲಿ ಈ ವ್ಯತ್ಯಾಸ ಕಾಣುವುದು ಕಷ್ಟ. ಸೂರ್ಯ ಚುಕ್ಕೆಯಲ್ಲ, ಅರ್ಧ ಡಿಗ್ರಿ ಅಗಲದ ಬಿಲ್ಲೆ. ಹಾಗಾಗಿ ನೆರಳಿನ ಅಂಚು ಯಾವಾಗಲೂ ಮಸುಕು. ಎರಡೂ ದಿನ, ಎರಡೂ ಊರಿನಲ್ಲಿ, ಕೋಲು ತನ್ನ ನೆರಳನ್ನು ಬುಡದಲ್ಲೇ ಅಡಗಿಸಿಕೊಂಡಿತು. ಆದರೂ ಸೋಮವಾರ ಹನ್ನೆರಡೂ ಇಪ್ಪತ್ತೆರಡಕ್ಕೆ ಫೋನಿನಲ್ಲಿ ಮಕ್ಕಳ ಕೂಗು ಕೇಳಿತು. "ತಾತ, ಎಲ್ಲಿ ಹೋಯ್ತು? ಕೋಲಿನ ನೆರಳೇ ಇಲ್ಲ!" ಪುಟ್ಟವನು ತನ್ನ ನೆರಳು ಎಲ್ಲಿದೆಯೆಂದು ನೋಡಲು ತನ್ನ ಸುತ್ತಲೇ ತಿರುಗುತ್ತಿದ್ದನಂತೆ. "ಬಂದ" ಎಂದರು ಅಪ್ಪ. ಅಷ್ಟೇ.

ಅದು ಮುಗಿದ ಮೇಲೆ ನಾನು ಹೆದರಿದ್ದೆ, ಇನ್ನು ಮುಂದೇನು ಎಂದು. ಅಪ್ಪ ಆಗಲೇ ಮುಂದಿನದನ್ನು ಯೋಚಿಸಿಟ್ಟಿದ್ದರು. "ನಿಮ್ಮೂರು ಉತ್ತರಕ್ಕೆ ಮಾತ್ರ ಇಲ್ಲ, ಪೂರ್ವಕ್ಕೂ ಇದೆ. ಹಾಗಾದರೆ ನಿಮ್ಮ ಮಧ್ಯಾಹ್ನ ಮೊದಲು ಆಗಬೇಕು. ಎಷ್ಟು ಮೊದಲು?"

ಭೂಮಿ ನಾಲ್ಕು ನಿಮಿಷಕ್ಕೆ ಒಂದು ಡಿಗ್ರಿ ತಿರುಗುತ್ತದೆ. ನಮ್ಮ ಊರುಗಳ ರೇಖಾಂಶಗಳಲ್ಲಿ ಕಾಲು ಡಿಗ್ರಿಯಷ್ಟು ಅಂತರ. ಉತ್ತರ ಒಂದು ನಿಮಿಷ. ಕಾಗದದ ಮೇಲೆ ಹೇಳುವುದು ಸುಲಭ. ಕೋಲಿನಿಂದ ತೋರಿಸಬಹುದೇ? ನಡುಮಧ್ಯಾಹ್ನದ ಹೊತ್ತಿಗೆ ನೆರಳಿನ ಉದ್ದ ಬದಲಾಗುವುದು ಬಹಳ ನಿಧಾನ. ಅದನ್ನು ನೋಡಿ ನಿಮಿಷ ಹಿಡಿಯಲಾಗದು. ಅದಕ್ಕೆ ನಮ್ಮ ಹಿಂದಿನವರು ಕಂಡುಕೊಂಡ ಉಪಾಯವಿದೆ. ಕೋಲನ್ನು, ಅಂದರೆ ಶಂಕುವನ್ನು, ನಡುವಿಟ್ಟು ಸುತ್ತ ಒಂದು ವೃತ್ತ ಬರೆಯುವುದು. ಬೆಳಿಗ್ಗೆ ನೆರಳಿನ ತುದಿ ವೃತ್ತದೊಳಗೆ ಬರುವ ಸಮಯ ಒಂದು, ಮಧ್ಯಾಹ್ನ ವೃತ್ತದಿಂದ ಹೊರಗೆ ಹೋಗುವ ಸಮಯ ಇನ್ನೊಂದು. ಎರಡರ ಸರಿ ನಡುವೆ ನಿಜವಾದ ಮಧ್ಯಾಹ್ನ. ಹತ್ತೂವರೆಗೂ ಎರಡು ಗಂಟೆಗೂ ಅಳೆದರಾಯಿತು, ನಡುಬಿಸಿಲಿನಲ್ಲಿ ಯಾರೂ ನಿಲ್ಲಬೇಕಾಗಿಲ್ಲ.

ಮೊದಲ ದಿನ ವ್ಯತ್ಯಾಸ ಮೂರು ನಿಮಿಷ ಬಂತು. ಅಪ್ಪನ ಗೋಡೆ ಗಡಿಯಾರ ಬಸ್ಸು ತಪ್ಪದಿರಲೆಂದು ಯಾವಾಗಲೂ ಮುಂದೆ ಓಡುವಂಥದು. ಅದನ್ನು ಬಿಟ್ಟು ಇಬ್ಬರೂ ಫೋನಿನ ಗಡಿಯಾರವನ್ನೇ ಹಿಡಿದೆವು. ಒಂದು ದಿನ ವ್ಯತ್ಯಾಸವೇ ಇಲ್ಲ, ಇನ್ನೊಂದು ದಿನ ಎರಡು ನಿಮಿಷ. ಒಂದು ದಿನ ನಿಜವಾಗಿಯೂ ಮೋಡ. (ಹುಡುಗಿಯಿಂದ ದೃಢಪಡಿಸಿಕೊಂಡೆ.) 27ರಂದು ಗುಂಡ್ಲುಪೇಟೆಯಲ್ಲಿ 10–31 ಮತ್ತು 2–11, ಚಾಮರಾಜನಗರದಲ್ಲಿ 10–30 ಮತ್ತು 2–10. ನಡುವಣ ಹೊತ್ತು ಅವರಿಗೆ 12–21, ನಮಗೆ 12–20.

"ಒಂದು ನಿಮಿಷದ ದೂರ ಇರುವುದು. ಬಸ್ಸಿನವನು ಒಂದು ಗಂಟೆ ತೆಗೆದುಕೊಳ್ಳುತ್ತಾನೆ" ಎಂದು ಅಪ್ಪ ನಕ್ಕರು. ಯುಗಾದಿಯ ನಂತರ ಅವರು ನಕ್ಕದ್ದನ್ನು ನಾನು ಕೇಳಿದ್ದು ಅದೇ ಮೊದಲು.

ಮೇ 4ರಿಂದ ಹಸಿರು ವಲಯಗಳಲ್ಲಿ ಜಿಲ್ಲೆಯೊಳಗೆ ಅರ್ಧ ಸೀಟು ತುಂಬಿಸಿ ಬಸ್ ಓಡಿಸಲು ಅನುಮತಿ ಸಿಕ್ಕಿತು. ಎರಡನೆಯ ವಾರ ನಾನು ಮುಖಕ್ಕೆ ಬಟ್ಟೆ ಕಟ್ಟಿಕೊಂಡು, ಸೀಟಿಗೊಬ್ಬರಂತೆ ಕುಳಿತ ಬಸ್ಸಿನಲ್ಲಿ ಗುಂಡ್ಲುಪೇಟೆಗೆ ಹೋದೆ. ಅಪ್ಪ ಬಾಗಿಲಲ್ಲೇ ನಿಂತಿದ್ದರು. ಗಡ್ಡ ಬೆಳೆದಿತ್ತು, ಸ್ವಲ್ಪ ಇಳಿದಿದ್ದರು. ಸೀಮೆಸುಣ್ಣದ ಗೆರೆಯ ಆಚೆ ನನಗೂ ಒಂದು ಕುರ್ಚಿ ಹಾಕಿದ್ದರು. ಕೋಲು ಅಂಗಳದಲ್ಲಿ ಹಾಗೇ ಇತ್ತು. ಈಗ ಅದರ ಮಧ್ಯಾಹ್ನದ ನೆರಳು ದಕ್ಷಿಣಕ್ಕೆ ಬೀಳುತ್ತಿತ್ತು. ಸೂರ್ಯ ನಮ್ಮನ್ನು ದಾಟಿ ಉತ್ತರಕ್ಕೆ ಹೋಗಿಯಾಗಿತ್ತು.

ಕಾಫಿ ಮಾಡುತ್ತೇನೆಂದು ಅವರು ಒಳಗೆ ಹೋದಾಗ ಜಗಲಿಯ ಮೇಲಿದ್ದ ನೋಟ್‌ಬುಕ್ ತೆರೆದೆ. ಸ್ಕೇಲಿನಿಂದ ಗೆರೆ ಹಾಕಿ ಐದು ಕಲಮು ಮಾಡಿದ್ದರು: ದಿನಾಂಕ, ವಾರ, ಸಮಯ, ನೆರಳು, ಷರಾ. ವಾರದ ಕಲಮಿನಲ್ಲಿ ಒಂದೂ ಖಾಲಿಯಿಲ್ಲ. 16ರಿಂದ ಅಳತೆಗಳ ಮುಂದೆ ಮಕ್ಕಳ ಸಹಿ. ಏಪ್ರಿಲ್ 13ರ ಸಾಲಿಗೆ ಬಂದೆ. ಸಮಯದ ಕೆಳಗೆ ಅಡ್ಡಗೆರೆ, ನೆರಳಿನ ಕೆಳಗೆ ಅಡ್ಡಗೆರೆ. ಷರಾ ಕಲಮಿನಲ್ಲಿ ಅದೇ ಕಪ್ಪು ಹಲಗೆಯ ದುಂಡು ಅಕ್ಷರ:

"ಆಕಾಶ ನಿರ್ಮಲ. ಬಿಸಿಲಿಗೆ ತಲೆ ಸುತ್ತಿದ್ದರಿಂದ ಅಳತೆ ಆಗಲಿಲ್ಲ. ಮಗನಿಗೆ ಮೋಡವೆಂದು ಹೇಳಿದ್ದೇನೆ."

ಒಳಗಿನಿಂದ ಸಕ್ಕರೆ ಎಷ್ಟು ಚಮಚ ಎಂದು ಅಪ್ಪ ಕೇಳಿದರು. ಒಂದು ಎಂದು ಹೇಳಿ ನೋಟ್‌ಬುಕ್ಕನ್ನು ಇದ್ದಲ್ಲೇ ಇಟ್ಟೆ.